ಅಜ್ಜನ ಪಿಕ್ಚರ್ ಬರುವವರೆಗೆ

ಅವಳು ಯಾವಾಗಲೂ ಎರಡು ಟಿಕೆಟ್ ಕೊಳ್ಳುತ್ತಿದ್ದಳು. ಬರುತ್ತಿದ್ದದ್ದು ಮಾತ್ರ ಒಬ್ಬಳೇ.

ಇದನ್ನು ಸುಕೇಶನ ಕಿವಿಗೆ ಹಾಕಿದವರು ಟಿಕೆಟ್ ಕೌಂಟರಿನ ಹಸನಬ್ಬ. ಕುವೈತಿನ ಸಾಲ್ಮಿಯಾದ ಆ ಮಾಲಿನ ಥಿಯೇಟರಿನಲ್ಲೇ ಗಡ್ಡ ಬೆಳ್ಳಗೆ ಮಾಡಿಕೊಂಡ ಉಳ್ಳಾಲದ ಮನುಷ್ಯ ಅವರು. ನಮ್ಮ ಕಡೆಯ ಹುಡುಗಿಯೇ, ಹೆದರಿಕೆ ಪಿಕ್ಚರ್ ಇದ್ದರೆ ಮಾತ್ರ ಬರುತ್ತಾಳೆ, ಅದೂ ಮಧ್ಯಾಹ್ನದ ಆಟಕ್ಕೆ, ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟುಕೊಂಡು ಕೂರುತ್ತಾಳೆ ಎಂದೆಲ್ಲ ವರದಿ ಒಪ್ಪಿಸಿ, ಕೊನೆಗೆ ತಮ್ಮ ತೀರ್ಪನ್ನೂ ಕೊಟ್ಟಿದ್ದರು. ಯಾರೋ ಕೈಕೊಟ್ಟಿದ್ದಾನೆ, ಪಾಪ.

ಸುಕೇಶನ ಕೆಲಸ ಪ್ರೊಜೆಕ್ಷನ್ ರೂಮಿನಲ್ಲಿ. ಊರಿಗೆಲ್ಲ ಹೆದರಿಕೆ ಪಿಕ್ಚರ್ ತೋರಿಸುವ ಈ ಮಹಾಶಯನಿಗೆ ಹೆದರಿಕೆ ಪಿಕ್ಚರ್ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಚಿತ್ರ ಶುರು ಮಾಡಿ, ಬೆಳಕು, ಸದ್ದು ಸರಿಯಿದೆಯೇ ನೋಡಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತುಬಿಡುತ್ತಿದ್ದ. ಆದರೆ ಹಸನಬ್ಬ ಹೇಳಿದ ದಿನದಿಂದ ಕುರ್ಚಿ ಅರ್ಧ ತಿರುಗಿತು. ಪರದೆ ಕಾಣಬಾರದು, ಅವಳು ಕಾಣಬೇಕು, ಅಷ್ಟೇ ಕೋನ.

ಗಾಜಿನ ಕಿಂಡಿಯಿಂದ ಅವನು ನೋಡಿದ್ದು ವಿಚಿತ್ರವಾಗಿತ್ತು. ಹಾಲಿನಲ್ಲಿದ್ದ ನಾಲ್ಕಾರು ಜನ ಕಿರುಚಿಕೊಂಡು ಕಣ್ಣು ಮುಚ್ಚಿಕೊಳ್ಳುವ ಹೊತ್ತಿಗೆ ಅವಳು ಮುಂದಕ್ಕೆ ಬಾಗುತ್ತಿದ್ದಳು. ಗಲ್ಲಕ್ಕೆ ಕೈ ಕೊಟ್ಟು, ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರ ನಡುವೆ ತಮ್ಮವರ ಮುಖ ಹುಡುಕುವ ಹಾಗೆ ಪರದೆಯನ್ನು ನೋಡುತ್ತಿದ್ದಳು. ಪರದೆಯ ಬೆಳಕು ಅವಳ ಮೂಗುಬೊಟ್ಟಿನ ಮೇಲೆ ಬಿದ್ದು ಹೋಗುತ್ತಿತ್ತು. ಸುಕೇಶನಿಗೆ ದೆವ್ವ ಮರೆತುಹೋಗುತ್ತಿತ್ತು.

ಒಂದು ದಿನ ಧೈರ್ಯ ಮಾಡಿ, ಆಟ ಬಿಟ್ಟ ಮೇಲೆ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟ.

"ನಿಮ್ಮ ಜೊತೆಯವರು ಇವತ್ತೂ ಬರ್ಲಿಲ್ವಾ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿಯ ಒಂದು ತುದಿ ಮಾತ್ರ ಚೂರು ಮೇಲೆದ್ದಿತು.

"ಬಂದಿದ್ರೆ ನೀವು ಇಲ್ಲಿ ನಿಂತು ಮಾತಾಡ್ತಿರ್ಲಿಲ್ಲ."

ಸುಕೇಶನಿಗೆ ಅರ್ಥವಾದದ್ದು ಇಷ್ಟು: ಯಾರೋ ದಪ್ಪ ಮೀಸೆಯವನಿದ್ದಾನೆ, ಸಿಟ್ಟಿನವನು, ಹುಡುಗಿಯನ್ನು ಮಾತಾಡಿಸಿದವರ ಹಲ್ಲು ಉದುರಿಸುವವನು. ಮುಂದಿನ ಸಲ ಅವಳು ಬಂದಾಗ ಕ್ಷಮೆ ಕೇಳಲು ಹೋದ. ಆಗ ಅವಳು, ಅದು ನನ್ನ ಅಕ್ಕನ ಸೀಟು ಎಂದಳು. ಜೀವದಲ್ಲಿ ಜೀವ ಬಂದಂತಾಗಿ ಅವನು, ಹಾಗಾದರೆ ಅಕ್ಕ ಯಾವಾಗ ಬರುತ್ತಾರೆ ಎಂದು ಕೇಳಿದ.

"ನಾನೂ ಅದನ್ನೇ ನೋಡ್ತಾ ಇದ್ದೇನೆ," ಎಂದು ಹೇಳಿ ಅವಳು ಹೊರಟುಹೋದಳು.

ಅವಳ ಹೆಸರು ತೃಪ್ತಿ. ರುಮೈಥಿಯಾದ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಡಾಕ್ಟರ ಪಕ್ಕ ನಿಂತು ಕೆಲಸ. ಇಲ್ಲಿಯ ಕ್ಲಿನಿಕ್‌ಗಳು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತವೆ. ನಡುವಿನ ಆ ಬಿಡುವಿನಲ್ಲಿ ಉಳಿದವರು ಮನೆಗೆ ಹೋಗಿ ಮಲಗಿದರೆ ಇವಳು ಪಿಕ್ಚರಿಗೆ ಬರುತ್ತಿದ್ದಳು. ಇದನ್ನೆಲ್ಲ ಅವನು ಒಂದೊಂದಾಗಿ, ಪಾಪ್‌ಕಾರ್ನ್ ಕೊಟ್ಟು, ಎಸಿ ಜಾಸ್ತಿ ಆಯಿತಾ ಎಂದು ಕೇಳಿ, ತಿಳಿದುಕೊಂಡ. ತಾನೂ ಹೆದರಿಕೆ ಪಿಕ್ಚರಿನ ಮಹಾ ಅಭಿಮಾನಿ ಎಂದು ಬಡಾಯಿಯನ್ನೂ ಕೊಚ್ಚಿದ. ಅವಳ ಕಣ್ಣು ಅರಳಿತು. ಹಾಗಾದರೆ ಬ್ರುಂಡಾಲಿಯ ಪಿಕ್ಚರುಗಳಲ್ಲಿ ನಿಮಗೆ ಯಾವುದು ಇಷ್ಟ ಎಂದು ಕೇಳಿದಳು.

"ಎಲ್ಲ," ಎಂದ ಸುಕೇಶ.

"ನೋಡಿದ್ದು ಯಾವುದು?"

ಅವನು ತಲೆ ಕೆರೆದುಕೊಂಡ. ಅವಳು ನಕ್ಕದ್ದು ಅಂದೇ ಮೊದಲು, ಅದೂ ಬಾಯಿಗೆ ಕೈ ಅಡ್ಡ ಹಿಡಿದು. ಆ ನಗುವಿನಿಂದ ಅವನ ಆ ವಾರವೆಲ್ಲ ಬೆಳಕಾಗಿ ಹೋಯಿತು.

ಎತ್ತೋರೆ ಬ್ರುಂಡಾಲಿ ಇಟಲಿಯವನು. ವಯಸ್ಸು ಎಂಬತ್ತು ದಾಟಿದೆ. ಒಂದು ಕಾಲದಲ್ಲಿ ಜಗತ್ತಿನ ನಿದ್ದೆ ಕೆಡಿಸಿದ ನಿರ್ದೇಶಕ, ಹೆಂಡತಿ ಸತ್ತ ವರ್ಷ ಕ್ಯಾಮೆರಾ ಮಡಚಿಟ್ಟು ಹಳ್ಳಿ ಸೇರಿದ್ದ. ಅವನು ಮತ್ತೆ ಸಿನಿಮಾ ಮಾಡುತ್ತಾನೆ ಎಂಬ ಮಾತು ವರ್ಷಗಳಿಂದ ಓಡಾಡುತ್ತಿತ್ತು. ಆ ಚಳಿಗಾಲದಲ್ಲಿ ಅದು ನಿಜವಾಯಿತು. ಶೂಟಿಂಗ್ ಮುಗಿದಿದೆ, ವಸಂತಕ್ಕೆ ಬಿಡುಗಡೆ ಎಂದು ಪೇಪರಿನಲ್ಲೇ ಬಂತು. ತೃಪ್ತಿಯೂ ಅವಳ ಅಕ್ಕನೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ಅವರಿಗೆ ಅವನು ಬರೀ 'ಅಜ್ಜ'.

ತುಳು ಮಾತಾಡುವವರು ಇಬ್ಬರು ಸಿಕ್ಕಿದರೆ ಮೊದಲು ಊರು ಕೇಳುತ್ತಾರೆ. 'ಬರಿ' ಕೇಳಿದರೆ ಮಾತ್ರ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ. ತಾಯಿಯ ಕಡೆಯಿಂದ ಬರುವ ಕುಲ ಅದು, ಒಂದೇ ಬರಿಯವರೊಳಗೆ ಮದುವೆ ಇಲ್ಲ. ಸುಕೇಶ ಹವಾಮಾನ ಕೇಳುವ ಧಾಟಿಯಲ್ಲಿ ಅವಳ ಬರಿ ಕೇಳಿದ. ಅವಳು ಕಾಫಿ ಲೋಟದ ಮೇಲಿಂದ ಅವನನ್ನೇ ನೋಡುತ್ತಾ ಹೇಳಿದಳು. ಅವನದು ಬೇರೆ. ಅವನ ಮುಖ ಅರಳಿದ್ದನ್ನು ಅವಳು ನೋಡಿದಳು, ನೋಡಿಯೂ ನೋಡದವಳ ಹಾಗೆ ಲೋಟದೊಳಗೆ ಸಕ್ಕರೆ ಕಲಕಿದಳು. ಸಕ್ಕರೆ ಯಾವಾಗಲೋ ಕರಗಿತ್ತು.

ರಿಗ್ಗೈಯಲ್ಲಿ ತೃಪ್ತಿಯ ಫ್ಲಾಟು. ಜೊತೆಯಲ್ಲಿದ್ದವಳು ಲೊರೈನ್, ಮಂಗಳೂರಿನವಳು, ಆಸ್ಪತ್ರೆಯ ನರ್ಸ್. ಶುಕ್ರವಾರ ಮಧ್ಯಾಹ್ನ ಅಲ್ಲಿ ಅಜ್ಜನ ಹಳೆಯ ಪಿಕ್ಚರುಗಳ ಪ್ರದರ್ಶನ ಶುರುವಾಯಿತು. ತೃಪ್ತಿ ಒಂದು ಕುರ್ಚಿಯಲ್ಲಿ, ಸುಕೇಶ ದೂರದ ಇನ್ನೊಂದರಲ್ಲಿ, ನಡುವೆ ಬೆಳ್ಳುಳ್ಳಿ ಸುಲಿಯುತ್ತಾ ಲೊರೈನ್. ಸುಕೇಶನ ಮುಖದ ಮುಂದೆ ಒಂದು ಕುಶನ್. ಕುಶನ್ ಆಚೆಯಿಂದ ಅವನು, ಹೋಯಿತಾ ಅದು ಎಂದು ಕೇಳುವುದು, ಇವಳು ಹೋಯಿತು ಎನ್ನುವುದು, ಅವನು ಕುಶನ್ ಇಳಿಸಿದ ಕೂಡಲೇ ಪರದೆಯ ತುಂಬಾ ಸತ್ತ ಮುಖ. ತೃಪ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಯಿತೋ ಎಂದು ಲೊರೈನ್ ಬೆಳ್ಳುಳ್ಳಿಗೆ ಹೇಳಿಕೊಂಡಳು.

ಆ ಕೋಣೆಯಲ್ಲಿ ಇನ್ನೊಂದು ಮಂಚವಿತ್ತು. ಹೊಸ ಹೊದಿಕೆ ಹಾಸಿ, ದಿಂಬು ತಟ್ಟಿ ಇಟ್ಟಿದ್ದರು. ಸುಕೇಶ ಒಮ್ಮೆ ಅದರ ಮೇಲೆ ಕೂರಲು ಹೋದಾಗ ಲೊರೈನ್ ಅವನ ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಅಡುಗೆಮನೆಯಲ್ಲಿ ಎಲ್ಲ ಹೇಳಿದಳು.

ಅಕ್ಕ ಆಶಾಲತಾ ಎರಡು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ, ಒಗ್ಗರಣೆಗೆ ಎಣ್ಣೆ ಇಟ್ಟವಳು, ಕುಸಿದು ಬಿದ್ದಿದ್ದಳು. ಹೃದಯ ನಿಂತಿತ್ತು. ತೃಪ್ತಿ ಕ್ಲಿನಿಕ್‌ನಲ್ಲಿದ್ದಳು, ಬರುವಷ್ಟರಲ್ಲಿ ಆಂಬುಲೆನ್ಸ್ ಹೋಗಿತ್ತು. ಆಸ್ಪತ್ರೆಯಲ್ಲಿ ಮುಖ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ. ಅವಳನ್ನು ಕುವೈತಿಗೆ ಕರೆಸಿದವಳು ಅಕ್ಕ, ಕೆಲಸ ಕೊಡಿಸಿದವಳು ಅಕ್ಕ. ತಂಗಿಗೆ ಮೊದಲು ಆಗಲಿ ಎಂದು ತನ್ನ ಮದುವೆಯನ್ನು ಮುಂದೂಡುತ್ತಾ ಬಂದವಳೂ ಅವಳೇ. ಶವದ ಪೆಟ್ಟಿಗೆ ಊರಿಗೆ ಹೋಗುವಾಗ ತೃಪ್ತಿಗೆ ಜೊತೆಯಲ್ಲಿ ಹೋಗಲಾಗಲಿಲ್ಲ. ಇಕಾಮಾ, ಅಂದರೆ ಇಲ್ಲಿ ಉಳಿಯುವ ಪರವಾನಗಿ, ಬದಲಾಗುತ್ತಿದ್ದ ಸಮಯ, ಪಾಸ್‌ಪೋರ್ಟ್ ಆಫೀಸಿನಲ್ಲಿ ಸಿಕ್ಕಿಬಿದ್ದಿತ್ತು. ಅಕ್ಕನ ಚಿತೆಯನ್ನು ಅವಳು ನೋಡಿದ್ದು ಫೋನಿನಲ್ಲಿ, ಅದೂ ನೆಟ್‌ವರ್ಕ್ ಹೋಗಿ ಅರ್ಧ.

"ಕನಸಲ್ಲಿ ಕೂಡ ಒಂದು ಸಲ ಬರ್ಲಿಲ್ಲವಂತೆ," ಎಂದಳು ಲೊರೈನ್. "ಅದಕ್ಕೇ ಆ ಪಿಕ್ಚರ್‌ಗಳನ್ನು ನೋಡುವುದು. ಅವುಗಳಲ್ಲಿಯಾದ್ರೂ ಸತ್ತವರು ವಾಪಸ್ ಬರ್ತಾರಲ್ಲ."

ಸುಕೇಶ ಸಿಂಕ್ ಹತ್ತಿರ ನಿಂತು ತೊಳೆದ ಲೋಟವನ್ನೇ ಮತ್ತೆ ತೊಳೆದ. ಬಾಗಿಲಲ್ಲಿ ನಿಂತು ಅಂದು ತಾನು ಕೇಳಿದ ಪ್ರಶ್ನೆ ನೆನಪಾಗಿ, ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು.

ಚಳಿ ಇನ್ನೂ ಉಳಿದಿದ್ದ ಒಂದು ಸಂಜೆ, ಕಡಲ ದಂಡೆಯಲ್ಲಿ, ಅವನು ಕೇಳಿದ. ಸುತ್ತಲೂ ಕುಟುಂಬಗಳು ಚಾಪೆ ಹಾಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದವು. ಇಬ್ಬರ ನಡುವೆ ಒಂದು ಮೊಳ ಜಾಗ. ಮದುವೆ ಎಂಬ ಶಬ್ದವನ್ನು ಬಾಯಿಂದ ಹೊರಗೆ ತರಲು ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ತೃಪ್ತಿ ಮರಳಿನಲ್ಲಿ ಸಿಕ್ಕ ಒಂದು ಚಿಪ್ಪನ್ನು ನೀರಿಗೆ ಎಸೆದಳು. ಅವಳ ಕಣ್ಣಂಚಿನಲ್ಲಿ ಇದ್ದದ್ದು ಬೇಡ ಎಂಬುದಲ್ಲ, ಅಷ್ಟು ಅವನಿಗೆ ಕಂಡಿತು.

"ಅಜ್ಜನ ಪಿಕ್ಚರ್ ಬರ್ಲಿ," ಎಂದಳು. "ಅದು ನೋಡಿ ಆದ ಮೇಲೆ ಹೇಳ್ತೇನೆ."

ಅಂದಿನಿಂದ ಎತ್ತೋರೆ ಬ್ರುಂಡಾಲಿಯ ಆಯುರಾರೋಗ್ಯಕ್ಕೆ ಸುಕೇಶನಷ್ಟು ಹರಕೆ ಹೊತ್ತವರು ಇಟಲಿಯಲ್ಲೂ ಇರಲಾರರು. ಬೆಳಗ್ಗೆ ಎದ್ದ ಕೂಡಲೇ ಅಜ್ಜನ ಸುದ್ದಿ ಹುಡುಕುತ್ತಿದ್ದ. ಅಜ್ಜನಿಗೆ ಕೆಮ್ಮು ಎಂದು ಓದಿದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ವಸಂತದಲ್ಲಿ ಬರಬೇಕಿದ್ದ ಚಿತ್ರ, ಸಂಗೀತ ಮುಗಿಯಲಿಲ್ಲವೆಂದು ಮುಂದೆ ಹೋಯಿತು. ಆಮೇಲೆ ಅಜ್ಜನೇ ಒಂದು ದೃಶ್ಯ ಹಿಡಿಸಲಿಲ್ಲವೆಂದು ಕಿತ್ತುಹಾಕಿ ಮತ್ತೆ ಕೂತನಂತೆ, ಇನ್ನೂ ಮುಂದೆ ಹೋಯಿತು. ಪ್ರತಿ ಸಲವೂ ಸುಕೇಶ ಸತ್ತ ಮುಖ ಹೊತ್ತು ಸುದ್ದಿ ಹೇಳಿದರೆ, ಅವಳು ಪಾಪ ಎನ್ನುತ್ತಿದ್ದಳು. ಆದರೆ ಅವಳ ಭುಜ ಇಳಿಯುತ್ತಿತ್ತು. ಪರೀಕ್ಷೆ ಮುಂದೆ ಹೋದ ಮಗುವಿನ ಹಾಗೆ ಉಸಿರು ಬಿಡುತ್ತಿದ್ದಳು.

ಗಾಜಿನ ಕಿಂಡಿಯಿಂದ ಅವಳನ್ನು ಅಷ್ಟು ದಿನ ಓದಿದವನಿಗೆ ಅದು ತಿಳಿಯದೆ ಇರುತ್ತದೆಯೇ? ಒಂದು ಶುಕ್ರವಾರ ಕೇಳಿಯೇಬಿಟ್ಟ: ನಿನಗೆ ಆ ಪಿಕ್ಚರ್ ಬರುವುದು ಬೇಡ, ಅಲ್ಲವಾ?

ತೃಪ್ತಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಒಣಗಿದ ದನಿಯಲ್ಲಿ ಹೇಳಿದಳು, ಅಕ್ಕ ಸಾಯುವ ಹಿಂದಿನ ವಾರ ಕೂಡ ಅಜ್ಜ ಯಾವಾಗ ವಾಪಸು ಬರುತ್ತಾನೋ ಎಂದು ಕಾಯುತ್ತಿದ್ದಳು. ಕಾಯುತ್ತಾ ಹೋದವಳು ಅವಳು. ಪಿಕ್ಚರ್ ಬಂದು, ನೋಡಿ, ಮುಗಿದುಬಿಟ್ಟರೆ ಆಮೇಲೆ ಅವಳಿಗೆ ಇಲ್ಲಿ ಏನು ಕೆಲಸ? ಆ ಸೀಟಿಗೆ ಟಿಕೆಟ್ ಯಾಕೆ?

ಆಮೇಲೆ ಊರಿನ ವಿಷಯ ಬಂತು. ತುಳುನಾಡಿನಲ್ಲಿ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುತ್ತಾರೆ. ಬದುಕಿದವರ ಮದುವೆಯಂತೆಯೇ ಬರಿ ನೋಡಿ, ವಯಸ್ಸು ನೋಡಿ, ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕುತ್ತಾರೆ. ಅದಾಗುವ ತನಕ ಮನೆಯ ಉಳಿದವರ ಮದುವೆ ಗಟ್ಟಿಯಾಗುವುದಿಲ್ಲ ಎಂದು ನಂಬಿಕೆ. ತೃಪ್ತಿಗೆ ಬಂದ ಒಂದು ಸಂಬಂಧದಲ್ಲಿ ಹುಡುಗನ ಕಾಲು ಮುರಿಯಿತು, ಇನ್ನೊಂದರಲ್ಲಿ ಹುಡುಗನ ಕೆಲಸ ಹೋಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ಆಶಾಲತಾ ಅಡ್ಡ ನಿಂತಿದ್ದಾಳೆ ಎಂದು ಬಂತು. ಸೋದರಮಾವ ಮೋನಪ್ಪ ಅವತ್ತಿನಿಂದ ಸತ್ತ ಗಂಡು ಹುಡುಕುತ್ತಿದ್ದಾರೆ.

"ಬದುಕಿದ್ದಾಗ ನನಗೆ ಒಂದು ಬೈಗುಳ ಬೈಯದವಳು," ಎಂದಳು ತೃಪ್ತಿ. "ಸತ್ತ ಮೇಲೆ ಬಂದು ನನ್ನ ಮದುವೆ ತಪ್ಪಿಸ್ತಾಳಾ? ನಾನು ನಂಬುವುದಿಲ್ಲ. ಆದ್ರೆ ನಿಮಗೆ ಎಂತಾದ್ರೂ ಆದ್ರೆ ನಾನು ಆಮೇಲೆ ಎಲ್ಲಿಗೆ ಹೋಗುವುದು?"

ಆ ಕೊನೆಯ ಮಾತು ಸುಕೇಶನ ಎದೆಯೊಳಗೆ ಇಳಿದು ಅಲ್ಲೇ ಕೂತಿತು. ಅವನ ತಲೆಯಲ್ಲಿ ಒಂದು ಯೋಚನೆ ಹೊಳೆದದ್ದೂ ಆಗಲೇ, ತಪ್ಪಿಗೆ ದಾರಿಯಾದದ್ದೂ ಅದೇ.

ಸುಕೇಶನಿಗೆ ಒಬ್ಬ ಅಣ್ಣನಿದ್ದ. ಕುಶಾಲ. ಇವನು ಹುಟ್ಟುವ ಮೊದಲೇ, ಇನ್ನೂ ಮಾತು ಕಲಿಯುತ್ತಿದ್ದ ವಯಸ್ಸಿನಲ್ಲಿ, ಜ್ವರಕ್ಕೆ ಹೋದವನು. ಸತ್ತವರೂ ಅಲ್ಲಿ ಬೆಳೆಯುತ್ತಿರುತ್ತಾರೆ ಎನ್ನುವುದು ಊರಿನ ಲೆಕ್ಕ. ಹಾಗೆ ನೋಡಿದರೆ ಕುಶಾಲ ಈಗ ಆಶಾಲತಾಳಿಗಿಂತ ನಾಲ್ಕೈದು ವರ್ಷ ದೊಡ್ಡವನು. ಬರಿ ಬೇರೆ. ಹೇಳಿ ಮಾಡಿಸಿದ ಜೋಡಿ. ಸುಕೇಶ ತಡಮಾಡಲಿಲ್ಲ. ಗಂಡಿನ ಕಡೆಯವರು ಹೆಣ್ಣಿನ ಮಾವನನ್ನು ಮೊದಲು ಕೇಳುವುದು ಕ್ರಮ. ಅವನು ನೇರವಾಗಿ ಮೋನಪ್ಪರಿಗೆ ಫೋನ್ ಮಾಡಿದ. ಆಮೇಲೆ ಅಮ್ಮನಿಗೆ ಮಾಡಿದ. ತೃಪ್ತಿಗೆ ಹೇಳಿದ್ದು ಎಲ್ಲ ಆದ ಮೇಲೆ, ಸಿಹಿ ಸುದ್ದಿ ತಂದವನ ಮುಖ ಮಾಡಿಕೊಂಡು.

ಅವಳ ಮುಖದಿಂದ ರಕ್ತ ಇಳಿದುಹೋಯಿತು.

"ನನ್ನ ಅಕ್ಕನನ್ನು ದಾರಿಯಿಂದ ಸರಿಸ್ಲಿಕ್ಕೆ ನೋಡಿದೆ ನೀನು," ಎಂದಳು. "ಮಾವನನ್ನು ಕೇಳಿದೆ, ಬರಿ ಕೇಳಿದೆ. ಅವಳ ಪರವಾಗಿ ಹೂಂ ಅನ್ನುವುದಕ್ಕೆ ನಾನೊಬ್ಬಳು ಇಲ್ಲಿ ಇದ್ದೆ. ನನ್ನನ್ನು ಕೇಳ್ಬೇಕು ಅಂತ ನಿನಗೆ ಅನಿಸ್ಲೇ ಇಲ್ವಾ?"

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅಂದೇ ಮೊದಲು. ಇಷ್ಟು ದಿನ ಯಾವ ಮಾತಿಗಾಗಿ ಹಂಬಲಿಸಿದ್ದನೋ ಅದು ಸಿಟ್ಟಿನ ಬಾಯಲ್ಲಿ ಬಂತು.

ಆಮೇಲೆ ಅವಳು ಬರಲಿಲ್ಲ. ಫೋನ್ ಎತ್ತಲಿಲ್ಲ. ಬೇಸಿಗೆ ಬಂತು, ಧೂಳುಗಾಳಿ ಎದ್ದು ಆಕಾಶ ದಿನಗಟ್ಟಲೆ ಹಳದಿಯಾಗಿ ನಿಂತಿತು. ಮಧ್ಯಾಹ್ನದ ಆಟಗಳು ಖಾಲಿ ಹಾಲಿಗೆ ಓಡುತ್ತಿದ್ದವು. ಸುಕೇಶ ಕುರ್ಚಿಯನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ ಕೂರುತ್ತಿದ್ದ. ಕಿಂಡಿಯಿಂದ ನೋಡಿದರೆ ಆ ಎರಡು ಸೀಟುಗಳು ಕಾಣುತ್ತವೆ ಎಂಬ ಭಯ ಅವನಿಗೆ ಯಾವ ದೆವ್ವದ ಭಯಕ್ಕಿಂತಲೂ ಹೆಚ್ಚಾಗಿತ್ತು.

ಹಿರಿಯರ ಮಾತುಕತೆ ಮಾತ್ರ ನಿಲ್ಲಲಿಲ್ಲ. ಬಿಟ್ಟ ಬಾಣ ಅದು. ಮೋನಪ್ಪ ಒಪ್ಪಿದರು, ಆಟಿ ತಿಂಗಳಿನಲ್ಲಿ ದಿನ ಇಟ್ಟರು. ಬದುಕಿದವರಿಗೆ ಶುಭಕಾರ್ಯವಿಲ್ಲದ ತಿಂಗಳು ಅದು; ಸತ್ತವರ ಮದುವೆಗೆ ಅದೇ ಸರಿಯಾದ ಕಾಲ.

ಸುಕೇಶನ ಅಮ್ಮ ಮೊದಲ ದಿನ, ಆಮೇಲೆ ಮಾತಾಡುವ ಎಂದು ಫೋನ್ ಇಟ್ಟಿದ್ದರು. ಕುಶಾಲನ ಹೆಸರು ಆ ಮನೆಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ಹೆಸರು ಹಿಡಿದು ಕರೆಯಬಾರದು, ಕರೆದರೆ ಅವನಿಗೆ ಹೋಗಲಾಗುವುದಿಲ್ಲ ಎಂದು ಯಾರೋ ಹಿರಿಯರು ಅವರ ಬಾಯಿ ಕಟ್ಟಿದ್ದರು. ಎರಡನೆಯ ಸಲ ಅವರೇ ಫೋನ್ ಮಾಡಿದರು.

"ಕುಶಾಲನಿಗೆ ಈಗ ಮೀಸೆ ಬಂದಿರ್ತದೆ ಮಗಾ," ಎಂದರು. "ತಲೆಯಲ್ಲಿ ಒಂದೆರಡು ಬಿಳಿ ಕೂದಲೂ ಬಂದಿರ್ಬೇಕು. ಹುಡುಗಿ ಹೇಗಿದ್ದಾಳೆ? ಅವಳಿಗೆ ಎಂತ ಇಷ್ಟ? ಧಾರೆ ಸೀರೆ ತೆಗೀಲಿಕ್ಕೆ ಉಂಟು ನನಗೆ."

ಸುಕೇಶನಿಗೆ ಹುಡುಗಿಯ ಬರಿ ಗೊತ್ತಿತ್ತು, ವಯಸ್ಸು ಗೊತ್ತಿತ್ತು, ಸತ್ತ ದಿನ ಗೊತ್ತಿತ್ತು. ಇಷ್ಟವಾದ ಬಣ್ಣ ಗೊತ್ತಿರಲಿಲ್ಲ. ತೃಪ್ತಿಯ ಸಿಟ್ಟು ಅವನಿಗೆ ಪೂರ್ತಿ ಅರ್ಥವಾದದ್ದು ಆ ಹೊತ್ತಿನಲ್ಲಿ. ಅವನು ಮದುವೆಗೆ ಒಬ್ಬ ಹೆಣ್ಣನ್ನು ಕೇಳಿರಲಿಲ್ಲ, ಒಂದು ಅಡ್ಡಿಯನ್ನು ಎತ್ತಿ ಬದಿಗಿಡಲು ನೋಡಿದ್ದ.

ತೃಪ್ತಿಗೆ ಒಂದು ಮೆಸೇಜ್ ಕಳುಹಿಸಿದ. ಕ್ಷಮೆ ಎಂದೇನೂ ಬರೆಯಲಿಲ್ಲ. 'ಅಮ್ಮ ಕೇಳುತ್ತಿದ್ದಾರೆ, ನಿನ್ನ ಅಕ್ಕನಿಗೆ ಯಾವ ಬಣ್ಣದ ಸೀರೆ ಇಷ್ಟ ಎಂದು. ನನಗೆ ಗೊತ್ತಿಲ್ಲ. ನೀನು ಬೇಡ ಎಂದರೆ ಈ ಮದುವೆ ಬೇಡ, ನಾನೇ ಮಾವನಿಗೆ ಹೇಳುತ್ತೇನೆ, ಬೈಗುಳ ನನಗಿರಲಿ.'

ದಿನಗಳು ಹೋದವು. ಉತ್ತರವಿಲ್ಲ. ಮೋನಪ್ಪರಿಗೆ ಏನು ಹೇಳುವುದೆಂದು ಅವನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ ಒಂದು ಮಧ್ಯಾಹ್ನ ಫೋನ್ ಸದ್ದು ಮಾಡಿತು.

'ನೀಲಿ. ಹಸಿರು ಅಂದ್ರೆ ಆಗುವುದಿಲ್ಲ ಅವಳಿಗೆ. ಮಲ್ಲಿಗೆ ಮುಡಿದ್ರೆ ತಲೆನೋವು.'

ಇಷ್ಟೇ. ಸುಕೇಶ ಅದನ್ನು ಓದಿ, ಪ್ರೊಜೆಕ್ಷನ್ ರೂಮಿನ ಬಾಗಿಲು ಹಾಕಿಕೊಂಡು ಅತ್ತ.

ಅಜ್ಜನ ಪಿಕ್ಚರ್ ಕುವೈತಿಗೆ ಬಂದದ್ದು ಮದುವೆಯ ವಾರದಲ್ಲೇ. ಈಗಿನ ಸಿನಿಮಾ ರೀಲಿನಲ್ಲಿ ಬರುವುದಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್ ಬರುತ್ತದೆ. ಅದನ್ನು ತೆರೆಯುವ ಕೀಯನ್ನು ಕಂಪನಿಯವರು ಬೇರೆಯಾಗಿ, ಇಲ್ಲಿಯ ಅನುಮತಿ ಸಿಕ್ಕಿದ ಮೇಲೆ, ಮೇಲ್‌ನಲ್ಲಿ ಕಳುಹಿಸುತ್ತಾರೆ. ಪೆಟ್ಟಿಗೆ ಬಂತು, ಕೀ ಬರಲಿಲ್ಲ. ಕೊನೆಗೆ ಬಂದದ್ದು ಬೇರೆ ಮೇಲ್: ಚಿತ್ರಕ್ಕೆ ಇಲ್ಲಿ ಅನುಮತಿ ಸಿಕ್ಕಿಲ್ಲ, ಪೆಟ್ಟಿಗೆಯನ್ನು ತೆರೆಯದೆ ವಾಪಸು ಕಳುಹಿಸಿ. ಚಳಿಗಾಲದಿಂದ ಕಾದದ್ದು ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಯಿತು. ಅವನಿಗೆ ಸಿಗಬೇಕಿದ್ದ ಉತ್ತರವೂ ಆ ಪೆಟ್ಟಿಗೆಯೊಳಗೇ ಉಳಿಯಿತು.

ಅವನು ಬರೆದ: 'ಅಜ್ಜ ಬಂದಿದ್ದಾರೆ. ಬಾಗಿಲು ತೆರೆಯುವುದಿಲ್ಲ. ಭಾನುವಾರ ಮಧ್ಯಾಹ್ನ ಹಾಲ್ ಖಾಲಿ. ಆ ಹೊತ್ತಿಗೆ ಊರಲ್ಲಿ ಸಂಜೆ, ಧಾರೆ. ಬರ್ತೀಯಾ?'

ಭಾನುವಾರ ತೃಪ್ತಿ ಕ್ಲಿನಿಕ್‌ನ ಯೂನಿಫಾರ್ಮಿನಲ್ಲೇ ಬಂದಳು. ಮೈ ಇಳಿದು ಹೋಗಿತ್ತು. ಅಭ್ಯಾಸ ಬಲದಿಂದ ಕೌಂಟರಿನ ಮುಂದೆ ನಿಂತು ಎರಡು ಟಿಕೆಟ್ ಎಂದಳು. ಹಸನಬ್ಬ ಅವಳ ಹಣವನ್ನು ಕಿಂಡಿಯಿಂದ ಹಿಂದಕ್ಕೆ ತಳ್ಳಿದರು.

"ಇವತ್ತು ಮದುವೆ ಅಲ್ವಾ ಮಗಾ," ಎಂದರು. "ಮದುವೆಗೆ ಯಾರಾದ್ರೂ ಟಿಕೆಟ್ ತೆಗೀತಾರಾ?"

ಸುಕೇಶ ಅವಳಿಗೆ ಮೊದಲು ಪೆಟ್ಟಿಗೆ ತೋರಿಸಿದ. ಅವಳು ಅದರ ಮುಚ್ಚಳದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಊರಿಗೆ ಹೋದ ಇನ್ನೊಂದು ಪೆಟ್ಟಿಗೆಯನ್ನು ಮುಟ್ಟಲು ಅವಳಿಗೆ ಧೈರ್ಯ ಬಂದಿರಲಿಲ್ಲ.

ಹಾಲಿನಲ್ಲಿ ಅವಳು ತನ್ನ ಮಾಮೂಲು ಸೀಟಿನಲ್ಲಿ ಕೂತು, ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟಳು. ಕಂಪನಿಗಳ ಮೀಟಿಂಗಿಗೆ ಹಾಲ್ ಬಾಡಿಗೆಗೆ ಕೊಡುವಾಗ ಮಾಡುವಂತೆ ಸುಕೇಶ ಊರಿನ ವಿಡಿಯೋ ಕಾಲ್ ಹಾಕಿದ ತನ್ನ ಫೋನನ್ನು ಕೇಬಲ್ ಹಾಕಿ ಪ್ರೊಜೆಕ್ಟರಿಗೆ ಸಿಕ್ಕಿಸಿದ. ಮೇಲಿನ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರಬಹುದಿತ್ತು. ಕೂರಲಿಲ್ಲ. ಇಳಿದು ಬಂದು, ಬ್ಯಾಗಿನ ಆಚೆಯ ಸೀಟಿನಲ್ಲಿ ಕೂತ. ನಡುವೆ ಆಶಾಲತಾಳ ಸೀಟು.

ಪರದೆ ಬೆಳಗಿತು.

ಅಲ್ಲಿ ಎರಡು ಕುರ್ಚಿ ಇದ್ದವು. ಒಂದರ ಮೇಲೆ ಬಿಳಿ ಪಂಚೆ, ಅಂಗಿ, ಮುಂಡಾಸು. ಇನ್ನೊಂದರ ಮೇಲೆ ನೆರಿಗೆ ಹಿಡಿದು ಉಡಿಸಿದ ನೀಲಿ ಸೀರೆ, ಬಳೆ, ಕರಿಮಣಿ. ಮುಖಗಳಿರಲಿಲ್ಲ. ಸುತ್ತಲೂ ಬದುಕಿದವರು ಮದುವೆ ಮನೆಯಂತೆಯೇ ಗಲಾಟೆ ಮಾಡುತ್ತಿದ್ದರು. ವಿಡಿಯೋ ಹಿಡಿದ ಸೊಸೆಗೆ ಮೋನಪ್ಪ, ಹೆಣ್ಣಿನ ಕಡೆ ತಿರುಗಿಸು ಎಂದು ಗದರಿದರು. ಯಾರೋ, ಮದುಮಗ ಬಹಳ ನಾಚುತ್ತಾನೆ ಎಂದು ತಮಾಷೆ ಮಾಡಿದರು, ನಗು ಎದ್ದಿತು. ಆ ನಗು ಖಾಲಿ ಹಾಲಿನ ಮೂಲೆಮೂಲೆಗೂ ಬಡಿದು ಬಂದು ಸುಕೇಶನ ಮೈಯೆಲ್ಲ ಮುಳ್ಳೆದ್ದಿತು. ಇದಕ್ಕಿಂತ ಭಯದ ಪಿಕ್ಚರನ್ನು ಅವನು ಆ ಪರದೆಯ ಮೇಲೆ ಹಾಕಿರಲಿಲ್ಲ. ಆದರೂ ಮುಖ ತಿರುಗಿಸಲಿಲ್ಲ.

ಸುಕೇಶನ ಅಮ್ಮ ಬಂದು ನೀಲಿ ಸೀರೆಯ ಮುಂದೆ ಕೂತರು. ಸೆರಗು ಸರಿಮಾಡಿದರು. ಕೈಯಲ್ಲಿದ್ದ ಹೂವನ್ನು ಕುರ್ಚಿಯ ಬೆನ್ನಿಗೆ ಮುಡಿಸಿದರು. ಅಬ್ಬಲಿಗೆ. ಒಂದು ಎಸಳು ಮಲ್ಲಿಗೆಯೂ ಇರಲಿಲ್ಲ. ಪಕ್ಕದಲ್ಲಿ ಯಾರೋ, ಮದುಮಗಳಿಗೆ ಮಲ್ಲಿಗೆ ಬೇಡವಾ ಎಂದು ಕೇಳಿದ್ದು ಕೇಳಿಸಿತು.

"ಬೇಡ," ಎಂದರು ಅಮ್ಮ. "ಅವಳಿಗೆ ತಲೆನೋವು ಬರ್ತದೆ."

ಎಂಥೆಂಥ ದೆವ್ವಗಳನ್ನು ಕಣ್ಣು ಮಿಟುಕಿಸದೆ ನೋಡಿದ ತೃಪ್ತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎರಡು ವರ್ಷ ಒಳಗೆ ತಡೆದಿಟ್ಟದ್ದು ಒಮ್ಮೆಲೇ ಹೊರಗೆ ಬಂತು. ಸುಕೇಶನ ಕೈ ಅರ್ಧದವರೆಗೆ ಹೋಗಿ ಬ್ಯಾಗಿನ ಹತ್ತಿರ ನಿಂತಿತು. ಅದನ್ನು ದಾಟುವ ಹಕ್ಕು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು.

ಧಾರೆ ಆಯಿತು. ನೀಲಿ ಸೀರೆಯನ್ನು ಹುಡುಗನ ಪಕ್ಕಕ್ಕೆ ತಂದಿಟ್ಟರು. ಹೆಣ್ಣನ್ನು ಕಳುಹಿಸಿಕೊಡುವಾಗ ಮೋನಪ್ಪ ಕೂಡ ಕಣ್ಣೊರಸಿಕೊಂಡರು. ಸುಕೇಶನ ಅಮ್ಮ ಪಂಚೆಯನ್ನೂ ಸೀರೆಯನ್ನೂ ಒಟ್ಟಿಗೆ ಎರಡು ತೋಳಿನಲ್ಲಿ ಎತ್ತಿಕೊಂಡರು, ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವಷ್ಟು ಜಾಗ್ರತೆಯಿಂದ.

"ನಡಿ ಕುಶಾಲ," ಎಂದರು. "ನಡಿ ಮಗಳೇ. ಮನೆಗೆ ಹೋಗುವ."

ಆಮೇಲೆ ನೆಟ್‌ವರ್ಕ್ ಹೋಯಿತು. ಪರದೆ ಕಪ್ಪಾಯಿತು. ಇಬ್ಬರೂ ಕತ್ತಲಲ್ಲಿ ಕೂತರು, ಎಸಿಯ ಸದ್ದು ಮಾತ್ರ.

"ಬಂದಳು," ಎಂದಳು ತೃಪ್ತಿ. "ನೋಡಿದೆಯಾ? ನೀಲಿ ಅವಳಿಗೆ ಹೇಗೆ ಒಪ್ಪುತ್ತದೆ ನೋಡು."

ಸುಕೇಶ ಹೂಂ ಎಂದ. ಹೇಳಬೇಕಾದದ್ದನ್ನು ಈಗ ಹೇಳದಿದ್ದರೆ ಆಗದು ಎಂದು ಉಸಿರು ಎಳೆದುಕೊಂಡು ಹೇಳಿದ: ಅಜ್ಜನ ಪಿಕ್ಚರ್ ಇಲ್ಲಿ ಬರುವುದಿಲ್ಲ. ನಾಳೆ ಪೆಟ್ಟಿಗೆ ವಾಪಸು ಹೋಗುತ್ತದೆ. ನಿನ್ನ ಮಾತಿನ ಪ್ರಕಾರ ನಾನಿನ್ನೂ ಕಾಯಬೇಕು, ಕಾಯುತ್ತೇನೆ. ಈ ಮದುವೆಯನ್ನು ನನ್ನ ದಾರಿ ಸರಿಮಾಡಿಕೊಳ್ಳಲಿಕ್ಕೆ ಮಾಡಿಸಿದೆ ಎಂದು ಮಾತ್ರ ಇನ್ನು ಅಂದುಕೊಳ್ಳಬೇಡ.

ತೃಪ್ತಿ ಕಣ್ಣೊರಸಿಕೊಂಡಳು. ಕತ್ತಲಲ್ಲೂ ಅವಳು ತನ್ನ ಕಡೆ ತಿರುಗಿದ್ದು ಅವನಿಗೆ ತಿಳಿಯಿತು.

"ಅಕ್ಕ ಈಗ ನಿಮ್ಮ ಮನೆಯಲ್ಲಿ ಅಲ್ವಾ?"

"ಹೌದು."

"ಅಮ್ಮ ಅವಳಿಗೆ ಬಡಿಸ್ತಾರಾ?"

"ಆಟಿಯಲ್ಲಿ, ದೀಪಾವಳಿಯಲ್ಲಿ. ಅಣ್ಣನ ಎಲೆಯ ಪಕ್ಕದಲ್ಲೇ."

ಅವಳು ಪಕ್ಕದ ಸೀಟಿನ ಬ್ಯಾಗಿನ ಮೇಲೆ ಕೈ ಇಟ್ಟಳು. ಹಾಗೆ ಅವಳು ತನ್ನ ಮನೆಯಿಂದ ಅಕ್ಕನನ್ನು ಕಳುಹಿಸಿಕೊಡುತ್ತಿದ್ದಳು, ಪೆಟ್ಟಿಗೆ ಹೋದ ದಿನ ಮಾಡಲಾಗದ್ದನ್ನು ಈಗ ಮಾಡುತ್ತಿದ್ದಳು. ಸುಕೇಶ ಕಾದ. ಅಜ್ಜನಿಗಾಗಿ ಕಾದದ್ದೆಲ್ಲ ಈ ಸ್ವಲ್ಪ ಹೊತ್ತಿನ ಮುಂದೆ ಏನೂ ಅಲ್ಲ ಅನಿಸಿತು.

"ಹಾಗಾದ್ರೆ ನನ್ನನ್ನೂ ಆ ಮನೆಗೇ ಕರ್ಕೊಂಡು ಹೋಗು," ಎಂದಳು. "ಅವಳ ಎಲೆಗೆ ನಾನು ಬಡಿಸ್ತೇನೆ. ಅಜ್ಜನ ಪಿಕ್ಚರ್ ಊರಲ್ಲಿ ಬಂದ್ರೆ ಅಲ್ಲೇ ನೋಡುವ. ಬರದಿದ್ರೂ ಬೇಸರ ಇಲ್ಲ."

ಕುಶನ್ ಬೇಕಾಗುತ್ತದೆ ನನಗೆ ಎಂದ ಸುಕೇಶ. ಅಳುವಿನ ನಡುವೆಯೇ ಅವಳಿಗೆ ನಗು ಬಂತು, ಬಾಯಿಗೆ ಕೈ ಅಡ್ಡ ಹಿಡಿಯುವುದು ಮರೆತುಹೋಯಿತು.

ಹಸನಬ್ಬ ಬಾಗಿಲು ತೆರೆದು, ಸಂಜೆಯ ಆಟಕ್ಕೆ ಜನ ಬರುವ ಹೊತ್ತಾಯಿತು ಎಂದು ಹೇಳಿ ಹೋದರು. ಹೊರಗಿನ ಬೆಳಕಿನ ಒಂದು ಗೆರೆ ಸೀಟುಗಳ ಮೇಲೆ ಬಿತ್ತು. ತೃಪ್ತಿ ನಡುವಿನ ಸೀಟಿನಿಂದ ಬ್ಯಾಗ್ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಸುಕೇಶ ಎದ್ದು ಬಂದು ಅಲ್ಲಿ ಕೂತ.